ರೆಕಾರ್ಡಮ್ಮ ಯುಪಿಎಸ್ ಆರಿಸಿದ್ದು

ಅತ್ತೆ ಸೊಸೆ ಇಬ್ಬರೂ ಒಗೆದ ಹೊದಿಕೆಯ ಎರಡೆರಡು ಮೂಲೆ ಹಿಡಿದು, ಎಳೆದು, ಕೊಡವಿ, ಮೂಲೆಗೆ ಮೂಲೆ ಕೂಡಿಸುತ್ತಿದ್ದಾಗ ಫ್ಯಾನು ನಿಂತಿತು. ಪಕ್ಕದ ಕೋಣೆಯಲ್ಲಿ ಕಂಪ್ಯೂಟರು ನಿಟ್ಟುಸಿರಿನಂಥ ಸಣ್ಣ ಸದ್ದು ಮಾಡಿ ಸುಮ್ಮನಾಯಿತು.

"ಹೋಯ್ತು," ಅಂದಳು ಸೊಸೆ. "ಅತ್ತೆ, ಕಾಗದ ಅರ್ಧ ಬರೆದಿಟ್ಟು ಬಂದಿದ್ರಲ್ಲ, ಸೇವ್ ಮಾಡಿದ್ರಾ?"

ಅತ್ತೆ ಬಟ್ಟೆಯ ಅಂಚು ನೀವುತ್ತ ನಿಂತರು.

"ಮಾಡಿಲ್ಲ. ನಂಗೊತ್ತು. ಇದು ಏಳನೇ ಸಲ."

"ಅರೆಬರೆ ಕಾಗದಾನ ಯಾರಾದ್ರೂ ಕಡತಕ್ಕೆ ಹಾಕ್ತಾರೇನೇ?"

ಈ ಅತ್ತೆ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಮೂವತ್ತೊಂದು ವರ್ಷ ಹುಟ್ಟು ಸಾವುಗಳನ್ನು ಬರೆದು ನಿವೃತ್ತರಾದವರು. ಬೀದಿಯವರಿಗೆಲ್ಲ ರೆಕಾರ್ಡಮ್ಮ. ಅರ್ಧ ತುಂಬಿದ ಹಾಳೆ ಕಡತಕ್ಕೆ ಸೇರಿದರೆ ಅದು ಎಂದೆಂದಿಗೂ ಅರ್ಧವೇ ಎಂಬುದು ಆ ಕೋಣೆಯ ಕಟ್ಟಳೆ. ಅದನ್ನವರು ಕಂಪ್ಯೂಟರಿಗೂ ಅಂಟಿಸಿದ್ದರು. ತಾನಾಗಿಯೇ ಉಳಿಸಿಕೊಳ್ಳುವ ಏರ್ಪಾಡೊಂದಿತ್ತು. ಹಟ ಹಿಡಿದು ಅದನ್ನೂ ಸೊಸೆಯಿಂದ ತೆಗೆಸಿದ್ದರು.

ಕೈಯಲ್ಲೇ ಬರೆಯಬಹುದಿತ್ತಲ್ಲ ಅಂದರೆ, ಬೆರಳು ನಡುಗುತ್ತಿದ್ದವು. ಮುತ್ತು ಪೋಣಿಸಿದಂತಿದ್ದ ಅಕ್ಷರ ಈಗ ಇರುವೆ ಸಾಲು ಚೆದುರಿದ ಹಾಗಾಗಿತ್ತು. ಅದನ್ನು ತಂಗಿ ನೋಡುವುದು ಬೇಡವಾಗಿತ್ತು.

ಕಾಗದ ತಂಗಿಗೇ. ಹತ್ತೊಂಬತ್ತು ವರ್ಷದ ಹಿಂದೆ ಅವಳೊಂದು ಕೆಲಸಕ್ಕೆ ಅರ್ಜಿ ಹಾಕಲು ಹೊರಟಾಗ ವಯಸ್ಸಿನ ಮಿತಿ ನಾಲ್ಕು ತಿಂಗಳು ಮೀರಿತ್ತು. "ಅಕ್ಕಾ, ಹುಟ್ಟಿದ ದಿನ ಒಂಚೂರು ಆಚೀಚೆ ಮಾಡಿಕೊಡೋಕಾಗುತ್ತಾ?" ಎಂದು ಕೇಳಿದ್ದಳು. ಆಗುವುದಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ರೆಕಾರ್ಡಮ್ಮ ತಂಗಿಯ ಗಂಡನ ಮನೆಯವರೆಲ್ಲ ಬಂದು ಕೂತಿದ್ದ ತಮ್ಮ ನಡುಮನೆಯಲ್ಲಿ, "ಕಳ್ಳಿ! ನನ್ನ ಕೆಲಸಕ್ಕೇ ಕನ್ನ ಹಾಕೋಕೆ ಬಂದ್ಯಾ?" ಎಂದುಬಿಟ್ಟರು. ತಂಗಿ ಚಪ್ಪಲಿ ಮೆಟ್ಟಿ ಹೋದವಳು ಮತ್ತೆ ಹೊಸ್ತಿಲು ತುಳಿದಿರಲಿಲ್ಲ.

ಸೊಸೆ ಎಲ್ಲಿಂದಲೋ ಅವಳ ಮೇಲ್ ವಿಳಾಸ ಹುಡುಕಿ ತಂದಿದ್ದಳು. ಯೋಗಕ್ಷೇಮದ ನಾಲ್ಕು ಸಾಲು ಸಲೀಸಾಗಿ ಬರುತ್ತಿತ್ತು. ಐದನೆಯದಕ್ಕೆ ಬೆರಳು ನಿಲ್ಲುತ್ತಿತ್ತು. ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ನಿಜ ಹೇಳಬೇಕೆಂದರೆ, ಹೋದಾಗಲೆಲ್ಲ ರೆಕಾರ್ಡಮ್ಮನಿಗೆ ಒಳಗೊಳಗೇ ಹಗುರಾಗುತ್ತಿತ್ತು.

ಆದರೆ ಸೊಸೆ ಮನೆಗಳ ನಕ್ಷೆ ಬರೆಯುವವಳು. ಅವತ್ತು ಅದೇ ಕಂಪ್ಯೂಟರಿನಲ್ಲಿ ಅವಳು ಬರೆಯುತ್ತಿದ್ದ ನಕ್ಷೆಯ ಅರ್ಧ ಮೆಟ್ಟಿಲೂ ಹಾರಿಹೋಗಿತ್ತು. "ಸಾಕು, ಯುಪಿಎಸ್ ತನ್ನಿ ಅತ್ತೆ. ನಾನು ಆ ಮೆಟ್ಟಿಲು ಮತ್ತೆ ಮೊದಲಿಂದ ಬರೀಬೇಕು. ಸಣ್ಣ ಅಕ್ಷರ ಓದೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ."

ರೆಕಾರ್ಡಮ್ಮ ಕಂಪ್ಯೂಟರು, ಅದರ ಪರದೆ, ಇಂಟರ್ನೆಟ್ ಡಬ್ಬಿ ಮೂರರ ಬೆನ್ನನ್ನೂ ಕನ್ನಡಕ ಏರಿಸಿ ಓದಿ, ಚೀಟಿ ಬರೆದುಕೊಂಡು ಅಂಗಡಿಗೆ ಹೋದರು.

ಅಂಗಡಿಯವನು ಸೊಂಟದೆತ್ತರದ ಪೆಟ್ಟಿಗೆಯ ಮೇಲೆ ಕೈಯಿಟ್ಟ. "ಇದು ತಗೊಳ್ಳಿ ಅಮ್ಮ, ಇಡೀ ಮನೆ ಬೆಳಗುತ್ತೆ."

"ಮನೆ ಬೆಳಗೋಕೆ ಸೊಸೆ ಇದ್ದಾಳಪ್ಪ. ನಂಗೆ ಬೇಕಿರೋದು ಒಂದು ಕಂಪ್ಯೂಟರಿಗೆ. ಎಲ್ಲಾ ಸೇರಿ ಇನ್ನೂರು ವಾಟ್ ಒಳಗೆ."

ಅವನು ಚೀಟಿ ನೋಡಿ ದನಿ ಇಳಿಸಿ, ಸಣ್ಣದೊಂದನ್ನು ಇಳಿಸಿಕೊಟ್ಟ. ಆರುನೂರು ವಿಎ ಎಂದು ದಪ್ಪಕ್ಷರದಲ್ಲಿತ್ತು.

"ವಾಟ್ ಎಷ್ಟು?"

"ಎರಡೂ ಒಂದೇ ಅಂದ್ಕೊಳ್ಳಿ."

"ಒಂದೇ ಆಗಿದ್ರೆ ಎರಡು ಹೆಸರು ಯಾಕಿಡ್ತಿದ್ರು?" ಪೆಟ್ಟಿಗೆಯ ತಳದಲ್ಲಿ ಮುನ್ನೂರ ಅರವತ್ತು ವಾಟ್ ಎಂಬುದು ಸಿಕ್ಕಿತು. "ಸರಿ, ಸಾಕಾಗುತ್ತೆ. ಎಷ್ಟು ಹೊತ್ತು ತಡೆಯುತ್ತೆ?"

"ನಿಮ್ಮ ಲೆಕ್ಕಕ್ಕೆ ಹತ್ತು ನಿಮಿಷ. ಕೆಲಸ ಉಳಿಸ್ಕೊಂಡು ಆಫ್ ಮಾಡೋಕೆ ಅಷ್ಟೇ, ಪುರಾಣ ಬರೆಯೋಕಲ್ಲ. ಪ್ರಿಂಟರ್ ಮಾತ್ರ ಇದಕ್ಕೆ ಸಿಗಿಸಬೇಡಿ, ಒಂದೇ ಗುಟುಕಿಗೆ ಕುಡಿದುಬಿಡುತ್ತೆ."

"ಆಯ್ತು. ಬ್ಯಾಟರಿ ಹುಟ್ಟಿದ್ದು ಯಾವಾಗ?"

ಅವನು ನಕ್ಕ. "ಅದಕ್ಕೂ ಹುಟ್ಟುಹಬ್ಬ ಮಾಡ್ತೀರಾ?"

"ಕೆಲಸ ಮಾಡದೆ ಕೂತಿದ್ರೂ ಬ್ಯಾಟರಿಗೆ ವಯಸ್ಸಾಗುತ್ತೆ ಅಂತ ಸೊಸೆ ಹೇಳಿದ್ಳು." ತಾರೀಕು ಇರಬೇಕಾದ ಜಾಗದಲ್ಲಿ ಬೆಲೆಯ ಚೀಟಿ ಅಂಟಿತ್ತು. ರೆಕಾರ್ಡಮ್ಮ ಉಗುರಿನಿಂದ ಅದರ ಮೂಲೆ ಎಬ್ಬಿಸಿದರು. ಕೆಳಗಿದ್ದ ತಾರೀಕಿಗೆ ಎರಡೂವರೆ ವರ್ಷ ದಾಟಿತ್ತು.

ಅಂಗಡಿಯವನ ಮುಖ ಇಳಿಯಿತು. ಹಿಂದೆ ಇನ್ನೂ ಮೂವರು ಗಿರಾಕಿಗಳು ನಿಂತು ನೋಡುತ್ತಿದ್ದರು. ರೆಕಾರ್ಡಮ್ಮನ ನಾಲಿಗೆಯ ತುದಿಗೆ ಆ ಹಳೇ ಮಾತೇ ಬಂದು ಕೂತಿತು. ಅವರು ಅದನ್ನು ನುಂಗಿಕೊಂಡು, "ಚೀಟಿ ತಪ್ಪಿ ಅಂಟಿರಬೇಕಪ್ಪ," ಎಂದು ಮೆಲ್ಲಗೆ ಅಂದರು. "ಹೊಸದಿದ್ರೆ ಕೊಡು."

"ಕೊಡ್ತೀನಮ್ಮ," ಎಂದವನು ಒಳಗೆ ಹೋಗಿ ಮೂರು ತಿಂಗಳ ಹಿಂದೆ ತಯಾರಾದದ್ದನ್ನು ತಂದ. ಬ್ಯಾಟರಿ ಸೋತಾಗ ಅದೊಂದನ್ನೇ ಬದಲಿಸುವುದು ಹೇಗೆಂದು ಮುಚ್ಚಳ ಬಿಚ್ಚಿ ತೋರಿಸಿದ. ಬಲ್ಬು ಸಿಗಿಸಿ, ಗೋಡೆಯ ಪ್ಲಗ್ಗು ಕಿತ್ತ. ಬಲ್ಬು ಮಿಟುಕಲಿಲ್ಲ. ರೆಕಾರ್ಡಮ್ಮ ಮೂರು ಸಲ ಕೀಳಿಸಿದರು.

ದಾರಿಯುದ್ದಕ್ಕೂ ಒಂದೇ ಯೋಚನೆ. ತಾರೀಕು ಮುಚ್ಚಿಟ್ಟವನ ಮಾನ ಕಾಪಾಡಿ ಬಂದೆನಲ್ಲ. ತಂಗಿ ಏನನ್ನೂ ಮುಚ್ಚಿರಲಿಲ್ಲ. ಎದುರು ನಿಂತು ಕೇಳಿದ್ದಳು, ಅಷ್ಟೇ.

ಸೊಸೆ ಮೂರು ಪ್ಲಗ್ಗನ್ನೂ ಯುಪಿಎಸ್ಸಿಗೆ ಸಿಗಿಸಿ, "ಇನ್ನು ನೆಪ ಇಲ್ಲ ಅತ್ತೆ," ಎಂದು ಕುರ್ಚಿ ಎಳೆದುಕೊಟ್ಟಳು. ಹುಡುಗಿಗೆ ಎಲ್ಲ ಗೊತ್ತಿತ್ತು.

ರೆಕಾರ್ಡಮ್ಮ ನಾಲ್ಕು ಸಾಲು ಮುಗಿಸಿದರು. ಐದನೆಯದಕ್ಕೆ ಎದ್ದು ನೀರು ಕುಡಿದು ಬಂದರು. ಕನ್ನಡಕ ಒರೆಸಿದರು. ಮತ್ತೆ ಒರೆಸಿದರು. ಆಗ ಫ್ಯಾನು ನಿಂತಿತು. ಪರದೆ ಮಾತ್ರ ಬೆಳಗುತ್ತಲೇ ಇತ್ತು. ಮೇಜಿನಡಿ ಪೆಟ್ಟಿಗೆ ಕೀಂ, ಕೀಂ ಎನ್ನತೊಡಗಿತು.

"ಹತ್ತೇ ನಿಮಿಷ ಅತ್ತೆ!" ಒಳಗಿನಿಂದ ಕೂಗು ಬಂತು. "ಈಗಲಾದ್ರೂ ಸೇವ್ ಮಾಡಿ!"

"ಇರೇ, ಮುಗೀಲಿ!"

ಪ್ರಸವದ ಕೋಣೆಯಿಂದ ಮಗುವಿನ ಅಳು ಕೇಳಿದೊಡನೆ ಗಡಿಯಾರ ನೋಡಿ ಹೊತ್ತು ಬರೆಯುತ್ತಿದ್ದ ಕೈಗಳು ಅವು. ತಡಮಾಡಿದರೆ ತಪ್ಪು ದಾಖಲಾಗುತ್ತದೆಂದು ಗೊತ್ತಿದ್ದ ಕೈಗಳು. ಒಂದೊಂದೇ ಕೀಲಿ ಒತ್ತಿದರು.

"ದಾಖಲೆ ತಿದ್ದದೆ ಇದ್ದದ್ದಕ್ಕೆ ನನಗೆ ಬೇಸರವಿಲ್ಲ. ಹತ್ತು ಜನರ ಎದುರು ನಿನ್ನನ್ನು ಕಳ್ಳಿ ಅಂದೆ. ನೀನು ಕಳ್ಳಿಯಲ್ಲ. ನೀನು ಬರೀ ಕೇಳಿದ್ದೆ, ಅಷ್ಟೇ. ತಪ್ಪು ನನ್ನದು. ನಿನಗೆ ಮನಸ್ಸಾದರೆ ಬಾ. ಇಲ್ಲ, ನಾನೇ ಬರುತ್ತೇನೆ. ನಿನ್ನ ಅಕ್ಕ."

ಸೊಸೆ ಬಾಗಿಲಲ್ಲಿ ಬಂದು ನಿಂತಿದ್ದಳು. ಇಂಟರ್ನೆಟ್ ಡಬ್ಬಿಯ ಹಸಿರು ದೀಪ ಉರಿಯುತ್ತಿತ್ತು. ರೆಕಾರ್ಡಮ್ಮ ಅಭ್ಯಾಸದಂತೆ ಮೇಲಿಂದ ಕೆಳಗೆ ಒಮ್ಮೆ ಓದಿದರು, ತಾರೀಕು ಸರಿಯಿದೆಯೇ ನೋಡಿದರು. ನಡುಗುವ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದು, ಕಾಗದ ಕಳಿಸಿದರು.