ಹೊಂಗೆ ಕೊಂಬೆಯ ಕೆಂಪು ಬಟ್ಟೆ

ಜಯನಗರದ ನಮ್ಮ ಮನೆಯ ಹಜಾರದಲ್ಲಿ ಒಂಬತ್ತು ವರ್ಷ ಒಂದು ಹಕ್ಕಿಯ ಪಟ ತೂಗುತ್ತಿತ್ತು. ಸಿಂಪಿಗ ಹಕ್ಕಿ. ಹೊಂಗೆಯ ಎರಡು ಎಲೆಗಳನ್ನು ಸೇರಿಸಿ ಹೊಲಿದು, ಒಳಗೆ ಹತ್ತಿ ತುಂಬಿ ಗೂಡು ಮಾಡಿಕೊಂಡು, ಅದರ ಅಂಚಿಗೆ ಆತು ಕೂತಿದೆ. ಕೊಕ್ಕಿನಲ್ಲಿ ಹುಳ. ಗೂಡಿನೊಳಗಿಂದ ಮೂರು ಮರಿಗಳ ತೆರೆದ ಬಾಯಿ. ಮನೆಗೆ ಬಂದವರೆಲ್ಲ ಅದರ ಮುಂದೆ ನಿಂತು, ತಾಯಿ ಅಂದರೆ ತಾಯಿ ನೋಡಿ, ಎನ್ನುತ್ತಿದ್ದರು. ಹಾಗೆಂದವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಅವರದೇನೂ ತಪ್ಪಿಲ್ಲ. ಬಹುಮಾನ ಬಂದ ಪಟವನ್ನು ಹೊಗಳದೆ ಬೈಯಬೇಕೇ? ಆದರೂ ಇವರು ಬೇಗ ಕಾಫಿ ಕುಡಿದು ಎದ್ದು ಹೋದರೆ ಸಾಕಪ್ಪ ಅನ್ನಿಸುತ್ತಿತ್ತು.

ನಾನು ಮರುಳಸಿದ್ದಪ್ಪ. ಹರಿಹರದ ಕಡೆಯವನು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಐವತ್ತೇಳನೇ ಇಸವಿಯಲ್ಲಿ ನನಗೆ ಮೂವತ್ತೊಂದು ವಯಸ್ಸು, ಮದುವೆಯಾಗಿ ಎರಡು ವರ್ಷ. ದಂಡು ಪ್ರದೇಶದ ಹರಾಜಿನಲ್ಲಿ, ಬಿಳಿಯರು ಯಾರೋ ಬಿಟ್ಟುಹೋದ ಒಂದು ಮಡಚುವ ಕ್ಯಾಮೆರಾ ಸಿಕ್ಕಿತ್ತು. ಅದಕ್ಕೊಂದು ಉದ್ದನೆಯ ರಬ್ಬರ್ ಕೊಳವೆ, ಕೊನೆಯಲ್ಲಿ ಬುರುಡೆ. ಹತ್ತು ಗಜ ದೂರದಲ್ಲಿ ಕೂತು ಬುರುಡೆ ಒತ್ತಿದರೆ ಪಟ ಬೀಳುತ್ತಿತ್ತು. ಊರಿನ ಹವ್ಯಾಸಿ ಫೋಟೋದವರದೊಂದು ಸಂಘವಿತ್ತು. ಅಲ್ಲಿದ್ದವರೆಲ್ಲ ಡಾಕ್ಟರು, ವಕೀಲರು, ಕಾರಿನಲ್ಲಿ ಬರುವವರು. ನಾನು ಸೈಕಲ್ಲಿನವನು. ನನ್ನ ಪಟಗಳನ್ನು ಅವರು ಒಂದು ಕೈಯಲ್ಲಿ ಹಿಡಿದು ನೋಡಿ, ಪರವಾಗಿಲ್ಲ, ಎಂದು ವಾಪಸು ಕೊಡುತ್ತಿದ್ದರು. ಆ 'ಪರವಾಗಿಲ್ಲ' ನನ್ನ ಹೊಟ್ಟೆಯೊಳಗೆ ಕೂತುಬಿಟ್ಟಿತ್ತು.

ಶನಿವಾರ ಅರ್ಧ ದಿನ ಕಚೇರಿ ಮುಗಿಸಿ ಬನಶಂಕರಿ ಗುಡಿಯ ದಾರಿ ಹಿಡಿದು ಹೊಸಕೆರೆಹಳ್ಳಿಯವರೆಗೆ ಸೈಕಲ್ ತುಳಿಯುತ್ತಿದ್ದೆ. ಕೆರೆಯ ಕೆಳಗೆ ಗದ್ದೆ, ಗದ್ದೆಯ ಪಕ್ಕದಲ್ಲಿ ಚಿಕ್ಕಬೈರಪ್ಪನವರ ಹೊಂಗೆ ತೋಪು. ಮೊದಲ ದಿನ ನಾನು ಕ್ಯಾಮೆರಾದ ಮುಕ್ಕಾಲಿ ನಿಲ್ಲಿಸುತ್ತಿದ್ದಂತೆ ಆ ಯಜಮಾನರು ದೊಣ್ಣೆ ಹಿಡಿದು ಓಡಿಬಂದರು. ಜಯನಗರದ ಬಡಾವಣೆಗೆಂದು ಜಮೀನು ಹೋಗುತ್ತಿದ್ದ ಕಾಲ. ಮುಕ್ಕಾಲಿ ಹಿಡಿದು ಬಂದವನು ಸರ್ವೆಯವನೇ ಎಂದು ಅವರ ಲೆಕ್ಕ.

"ಅಳತೆಗೆ ಬಂದ್ರಾ ಸಾಮಿ? ಈ ತೋಪು ನಮ್ ತಾತನ ಕಾಲದ್ದು. ಕೊಡಾಕಿಲ್ಲ."

"ಅಳತೆಗಲ್ಲ ಯಜಮಾನ್ರೇ. ಹಕ್ಕಿ ಪಟ ತೆಗೆಯೋಕೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. "ಹಕ್ಕೀದಾದ್ರೆ ತೆಗೀರಿ. ಅವುಕ್ಕೇನು ಖಾತೆ ಪಾಣಿ ಪತ್ರ ಇಲ್ವಲ್ಲ." ಮುಂದಿನ ವಾರ ಅವರೇ ಮನೆಯಿಂದ ಮಜ್ಜಿಗೆ ತರಿಸಿಕೊಟ್ಟರು. ತಂದುಕೊಟ್ಟವಳು ಅವರ ಸೊಸೆ ಮುನಿಲಕ್ಷ್ಮಮ್ಮ. ಬಿಳೇಕಹಳ್ಳಿಯಿಂದ ಬಂದ ಹುಡುಗಿ, ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ಮದುವೆಯಾಗಿ ಐದು ವರ್ಷ, ಮಕ್ಕಳಿರಲಿಲ್ಲ. ಅದನ್ನು ಅತ್ತೆ ಗೌರಮ್ಮ ಮೊದಲ ಭೇಟಿಯಲ್ಲೇ ನನ್ನ ಕಿವಿಗೆ ಹಾಕಿದ್ದರು, ಅವಳು ಮಜ್ಜಿಗೆ ಚೊಂಬು ಹಿಡಿದು ಎದುರಿಗೆ ನಿಂತಿರುವಾಗಲೇ.

ಆ ಮನೆಯವರದು ಒಂದು ಪದ್ಧತಿಯಿತ್ತು. ನಾಟಿಗೆ ಮುಂಚೆ ಗದ್ದೆಗೆ ಗೊಬ್ಬರವಾಗಿ ಹೊಂಗೆ ಸೊಪ್ಪು ತುಳಿಸಬೇಕು. ದೋಟಿ ಕೋಲಿಗೆ ಕುಡುಗೋಲು ಕಟ್ಟಿ ಕೊಂಬೆ ಎಳೆದು ರಾಶಿ ಹಾಕುತ್ತಾರೆ. ಅದೇ ಹೊತ್ತಿಗೆ ಹಕ್ಕಿಗಳು ಗೂಡು ಕಟ್ಟಿರುತ್ತವೆ. ಆದ್ದರಿಂದ ಸೊಪ್ಪು ಕಡಿಯುವ ಮೊದಲು ಯಜಮಾನರು ಮರಮರವನ್ನೂ ತಿರುಗಿ ನೋಡಿ, ಗೂಡಿರುವ ಕೊಂಬೆಗೆ ಒಂದು ಕೆಂಪು ಬಟ್ಟೆಯ ಚೂರು ಕಟ್ಟುತ್ತಿದ್ದರು. ಆ ಕೊಂಬೆಗೆ ಯಾರೂ ಕುಡುಗೋಲು ಹಾಕುವಂತಿಲ್ಲ.

"ಕುಯ್ಯೋರು ಕತ್ತು ಎತ್ಕಂಡು ಕುಯ್ತಾ ಹೋಯ್ತಾರೆ. ಎಲೆ ಒಳಗಿರೋ ಗೂಡು ಎಲ್ಲಿ ಕಾಣ್ತದೆ? ಬಟ್ಟೆ ಕಂಡ್ರೆ ಕೈ ನಿಲ್ತದೆ," ಎಂದಿದ್ದರು. ಆ ವರ್ಷ ಬಟ್ಟೆಗೆಂದು ಸೊಸೆಯ ಒಂದು ಹಳೆಯ ಕೆಂಪು ಸೀರೆಯನ್ನು ಹರಿದಿದ್ದರು. ನನಗೆ ಹೇಳಿದ ಷರತ್ತು ಒಂದೇ: "ಎಷ್ಟಾದ್ರೂ ಪಟ ತೆಗೀರಿ. ಕೊಂಬೆ ಮಾತ್ರ ಮುಟ್ಟಬ್ಯಾಡಿ."

ನನಗೆ ಇದಕ್ಕಿಂತ ಅನುಕೂಲ ಬೇಕೇ? ಸಂಘದ ವಕೀಲರು ದೂರದರ್ಶಕ ಹಿಡಿದು ವಾರಗಟ್ಟಲೆ ಗೂಡು ಹುಡುಕುತ್ತಿದ್ದರು. ನನಗೆ ಯಜಮಾನರೇ ಕೆಂಪು ಗುರುತು ಹಾಕಿ ಕೊಟ್ಟಿದ್ದರು. ಹಾಗೆ ಸಿಕ್ಕಿದ್ದು ಸಿಂಪಿಗನ ಗೂಡು, ನೆಲದಿಂದ ಎದೆಯೆತ್ತರದಲ್ಲಿ, ಬಾಗಿದ ಕೊಂಬೆಯಲ್ಲಿ. ಮೊದಲ ವಾರ ತೆಗೆದ ಪಟಗಳೆಲ್ಲ ಹಾಳಾದವು. ನನ್ನ ಫಿಲಂನಲ್ಲಿ ಕೆಂಪು ಬಣ್ಣ ಕಪ್ಪಗೆ ಬೀಳುತ್ತಿತ್ತು. ಹಕ್ಕಿಯ ತಲೆಯ ಪಕ್ಕದಲ್ಲೇ ಮಸಿ ಚೆಲ್ಲಿದ ಹಾಗೆ ಆ ಬಟ್ಟೆ. ಸಂಘದ ಪ್ರದರ್ಶನಕ್ಕೆ ಪಟ ಕೊಡಲು ಬುಧವಾರ ಕೊನೆ. ಆ ಸಲ ಕೊಡದಿದ್ದರೆ ಇನ್ನೊಂದು ವರ್ಷ 'ಪರವಾಗಿಲ್ಲ' ಕೇಳಬೇಕು.

ಜೂನ್ ತಿಂಗಳ ಆ ಶನಿವಾರ ತೋಪಿನಲ್ಲಿ ಯಾರೂ ಇರಲಿಲ್ಲ. ಬಟ್ಟೆ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಹೊರಡುವಾಗ ಕಟ್ಟಿದರಾಯಿತು ಎಂದುಕೊಂಡೆ. ಕಂಬಳಿ ಹೊದ್ದು ಬುರುಡೆ ಹಿಡಿದು ಕೂತೆ. ಎರಡು ಗಂಟೆ ಮೋಡ. ಇರುವೆ ಕಚ್ಚಿದರೂ ಅಲುಗಾಡಲಿಲ್ಲ. ಐದರ ಸುಮಾರಿಗೆ ಬಿಸಿಲು ಒಂದು ಗಳಿಗೆ ಕೊಂಬೆಯ ಮೇಲೆ ಬಿತ್ತು, ಹಕ್ಕಿ ಹುಳ ಕಚ್ಚಿಕೊಂಡು ಬಂತು, ಮೂರು ಬಾಯಿ ತೆರೆದವು. ಒತ್ತಿದೆ. ಪಟ ಸರಿಯಾಗಿ ಬಿದ್ದಿತೆಂದು ಕೈಗೇ ಗೊತ್ತಾಯಿತು. ಅಷ್ಟರಲ್ಲಿ ಮಳೆಯ ನಾಲ್ಕು ಹನಿ. ಕ್ಯಾಮೆರಾ ನೆನೆದೀತೆಂದು ಎಲ್ಲವನ್ನೂ ಚೀಲಕ್ಕೆ ತುಂಬಿ ಸೈಕಲ್ ಹತ್ತಿದೆ. ಮನೆಗೆ ಬಂದು ಅಂಗಿ ಬಿಚ್ಚುವಾಗ ಜೇಬಿನಲ್ಲಿ ಬಟ್ಟೆ ಸಿಕ್ಕಿತು.

ಬೆಳಿಗ್ಗೆ ಮೊದಲ ಕೆಲಸವಾಗಿ ಹೋಗಿ ಕಟ್ಟಿಬರುತ್ತೇನೆ ಎಂದುಕೊಂಡೆ. ಆದರೆ ಬೆಳಿಗ್ಗೆ ಎದ್ದವನು ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿ ಫಿಲಂ ತೊಳೆಯಲು ಕೂತೆ. ಪಟ ಹೇಗೆ ಬಂದಿದೆ ಎಂದು ನೋಡುವ ಆಸೆ. ಅಷ್ಟು ಚೆನ್ನಾಗಿ ಬಂದದ್ದನ್ನು ಕಂಡು ಪ್ರಿಂಟೂ ಹಾಕಿದೆ. ಒಂದಲ್ಲ, ಮೂರು. ತೋಪು ಮುಟ್ಟುವಾಗ ಹನ್ನೊಂದು ಗಂಟೆ.

ಮರದ ಕೆಳಗೆ ಮನೆಯವರೆಲ್ಲ ನಿಂತಿದ್ದರು. ಸೊಪ್ಪಿನ ರಾಶಿಯ ಪಕ್ಕದಲ್ಲಿ ಆ ಕೊಂಬೆ ಬಿದ್ದಿತ್ತು. ಹೊಲಿದ ಎಲೆ ಬಾಯಿ ಬಿಟ್ಟಿತ್ತು. ಮರಿಗಳಿಗೆ ಇರುವೆ ಮುತ್ತಿದ್ದವು. ತಾಯಿ ಹಕ್ಕಿ ಮೇಲಿನ ಮರದಲ್ಲಿ ಒಂದೇ ಸಮನೆ ಕೂಗುತ್ತಿತ್ತು. ಮುನಿಲಕ್ಷ್ಮಮ್ಮ ದೋಟಿ ಹಿಡಿದೇ ನಿಂತಿದ್ದಳು.

"ಬಟ್ಟೆ ಇರ್ಲಿಲ್ಲ ಮಾವ. ನನ್ ಆಣೆಗೂ ಇರ್ಲಿಲ್ಲ."

"ನನ್ ಕೈಯಾರೆ ಕಟ್ಟಿದ್ದು," ಎಂದರು ಚಿಕ್ಕಬೈರಪ್ಪ. "ಅರವತ್ತು ವರ್ಸದಲ್ಲಿ ಈ ತೋಪಲ್ಲಿ ಒಂದು ಗೂಡು ಬಿದ್ದಿಲ್ಲ."

"ಕಿತ್ತು ಎಲ್ಲೋ ಬಿಸಾಕವಳೆ," ಎಂದರು ಗೌರಮ್ಮ. "ಮರಿ ಕಂಡ್ರೆ ಹೊಟ್ಟೆಕಿಚ್ಚು. ತನಗಿಲ್ಲವಲ್ಲ."

ಮುನಿಲಕ್ಷ್ಮಮ್ಮನ ಗಂಡ ಬೋರಣ್ಣ ನೆಲ ನೋಡುತ್ತಿದ್ದ. ಆಗ ಯಜಮಾನರು ನನ್ನ ಕಡೆ ತಿರುಗಿದರು. "ಸಾಮಿ, ನೀವು ನಿನ್ನೆ ಇಲ್ಲೇ ಇದ್ರಿ. ಓದಿದೋರು. ಬಟ್ಟೆ ಇತ್ತೋ ಇಲ್ವೋ, ನೀವೇ ಹೇಳಿ."

ಬಟ್ಟೆ ನನ್ನ ಪ್ಯಾಂಟಿನ ಜೇಬಿನಲ್ಲಿತ್ತು. ಕಟ್ಟಲೆಂದು ತಂದದ್ದು. ಕೈ ಹಾಕಿ ತೆಗೆದರೆ ಮುಗಿದುಹೋಗುತ್ತಿತ್ತು. ಯಜಮಾನರು ನನಗೆ ಉಗಿದು ತೋಪಿನಿಂದ ಅಟ್ಟುತ್ತಿದ್ದರು. ಅಷ್ಟೇ. ಆಗಸ್ಟಿನಲ್ಲಿ ಕೆರೆಯಂಗಳದ ಜಾಲಿಯಲ್ಲಿ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಅವರೇ ಕರೆದೊಯ್ದು ತೋರಿಸುವುದಾಗಿ ಹೇಳಿದ್ದರು. ಅದು ಹೋಗುತ್ತಿತ್ತು. ಇಷ್ಟಕ್ಕಾಗಿ, ನಾಚಿಕೆಗೇಡಿ ನಾನು, ಇಷ್ಟಕ್ಕಾಗಿ ಹೇಳಿದೆ:

"ನಾನು ಬಂದಾಗ ಇತ್ತು."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸೈಕಲ್ ತಿರುಗಿಸಿಕೊಂಡು ಹೋಗುವಾಗ ಅದನ್ನೇ ನನಗೆ ನಾನು ಹೇಳಿಕೊಂಡೆ. ಮುನಿಲಕ್ಷ್ಮಮ್ಮ ನನ್ನ ಮುಖ ನೋಡಿದಳು. ಓದಿದವನು ಹೇಳಿದ್ದರಿಂದ ತನ್ನ ಕಣ್ಣೇ ಮೋಸ ಮಾಡಿತೇನೋ ಎಂಬಂತೆ ಬಿದ್ದ ಕೊಂಬೆಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದಳು.

ಪಟಕ್ಕೆ ಮೊದಲ ಬಹುಮಾನ ಬಂತು. ಸಂಘದ ಡಾಕ್ಟರು ಕೈ ಕುಲುಕಿ, ಇಷ್ಟು ಸ್ವಚ್ಛವಾದ ಚಿತ್ರ ನೋಡಿಲ್ಲ, ಎಂದರು. ಜುಲೈನಲ್ಲಿ ತೋಪಿಗೆ ಹೋದಾಗ ಮಜ್ಜಿಗೆ ತಂದದ್ದು ಗೌರಮ್ಮ. ಸೊಸೆಯನ್ನು ತೌರಿಗೆ ಕಳಿಸಿದ್ದರು. "ಗೂಡು ಕೆಡವಿದೋಳು ನಮ್ ಮನೇಲಿ ಬ್ಯಾಡ," ಎಂದರು. ಅವರು ಕಾಯುತ್ತಿದ್ದದ್ದು ಒಂದು ನೆಪಕ್ಕೆ. ಆ ನೆಪವನ್ನು ನಾನು ತಂದುಕೊಟ್ಟಿದ್ದೆ. ಯಜಮಾನರು ಮಾತ್ರ ಮೆಲ್ಲಗೆ, "ಗೂಡು ಬಿದ್ದದ್ದಕ್ಕಲ್ಲ ಸಾಮಿ, ಸುಳ್ಳು ಹೇಳಿದ್ಲಲ್ಲ, ಅದುಕ್ಕೆ ನಾನೂ ತಡೀಲಿಲ್ಲ," ಎಂದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಮುಂದಿನ ಸಲ ಹೇಳೋಣ ಎಂದುಕೊಂಡೆ. ಮುಂದಿನ ಸಲ ಹೋಗುವಷ್ಟರಲ್ಲಿ ಬೋರಣ್ಣನಿಗೆ ಇನ್ನೊಂದು ಹೆಣ್ಣು ನೋಡಿಯಾಗಿತ್ತು. ಆಮೇಲೆ ನಾನು ಆ ಕಡೆ ಹೋಗಲಿಲ್ಲ. ಯಜಮಾನರಿಗೆ ಒಂದು ಪ್ರಿಂಟು ಕೊಡುತ್ತೇನೆ ಎಂದಿದ್ದೆ. ಕೊಡುವುದು ಹೇಗೆ? ಆ ಪಟದಲ್ಲಿ ಕೊಂಬೆ ಬಟ್ಟೆಯಿಲ್ಲದೆ ಬರಿದಾಗಿತ್ತು.

ಒಂಬತ್ತು ವರ್ಷವಾದ ಮೇಲೆ, ಕಳೆದ ಶ್ರಾವಣದ ಒಂದು ಭಾನುವಾರ, ಬಾಗಿಲಲ್ಲಿ ಸೊಪ್ಪಿನವಳ ಕೂಗು ಕೇಳಿತು. ನನ್ನ ಹೆಂಡತಿ ಗಿರಿಜಾದೇವಿ ಬುಟ್ಟಿ ಇಳಿಸಲು ಕೈ ಕೊಟ್ಟು, ದಂಟಿನ ಸೊಪ್ಪು ಆರಿಸುತ್ತ ಕೂತಳು. ನಾನು ಹಜಾರದಲ್ಲಿ ಪೇಪರ್ ಓದುತ್ತಿದ್ದೆ.

"ಸಾಮಿ, ನೀವು ಹೊಸಕೆರೆಹಳ್ಳಿ ತೋಪಿಗೆ ಬರ್ತಿದ್ರಲ್ಲ?"

ಧ್ವನಿಯಿಂದಲೇ ಗುರುತು ಸಿಕ್ಕಿತು, ಮುನಿಲಕ್ಷ್ಮಮ್ಮ. ಮುಖ ಬತ್ತಿತ್ತು, ಕಿವಿಯಲ್ಲಿ ಓಲೆಯಿರಲಿಲ್ಲ. ಬಿಳೇಕಹಳ್ಳಿಯಲ್ಲಿ ಅಣ್ಣನ ಮನೆಯಲ್ಲಿದ್ದಾಳಂತೆ. ಅಣ್ಣನ ತೋಟದ ಸೊಪ್ಪು ಹೊತ್ತು ತಂದು ಮಾರುತ್ತಾಳಂತೆ. ಅದನ್ನೆಲ್ಲ ಗಿರಿಜಾಗೆ ಹೇಳುತ್ತಿದ್ದವಳು ಇದ್ದಕ್ಕಿದ್ದಂತೆ ನಿಲ್ಲಿಸಿದಳು. ಅವಳ ಕಣ್ಣು ನನ್ನ ತಲೆಯ ಮೇಲಿನ ಗೋಡೆಗೆ ಹೋಗಿತ್ತು. ಎದ್ದು, ಹೊಸ್ತಿಲು ದಾಟದೆ, ಬಾಗಿಲ ಚೌಕಟ್ಟು ಹಿಡಿದು ನೋಡಿದಳು.

"ಅದು ಆ ಗೂಡಾ?"

"ಹೌದು."

"ಮರಿ ಬದುಕವೆ. ಅಂದ್ರೆ ಹಿಂದಿನ್ ದಿನ ತೆಗ್ದಿದ್ದು."

"ಹೌದು."

"ಬಟ್ಟೆ ಇಲ್ವಲ್ಲ."

ಗಿರಿಜಾ ಸೊಪ್ಪು ಹಿಡಿದವಳು ತಲೆಯೆತ್ತಿದಳು. ನಾನು ಎದ್ದು ಪಟವನ್ನು ಮೊಳೆಯಿಂದ ತೆಗೆದು ಮುನಿಲಕ್ಷ್ಮಮ್ಮನ ಮುಂದೆ ಹಿಡಿದೆ. "ತಪ್ಪಾಯ್ತಮ್ಮ. ತಗೊಳ್ಳಿ ಇದನ್ನ. ನಿಮ್ಮ ಮಾವನಿಗೆ ತೋರ್ಸಿ. ನಾನೂ ಬರ್ತೀನಿ. ನಾನೇ ಬಿಚ್ಚಿದ್ದು ಅಂತ ಎಲ್ಲರ ಮುಂದೆ ಹೇಳ್ತೀನಿ."

"ಮಾವ ಹೋಗಿ ಮೂರು ವರ್ಸ ಆಯ್ತು," ಎಂದಳು. "ನನ್ ಕಟ್ಕಂಡೋರ್ಗೆ ಇನ್ನೊಬ್ಬಳಲ್ಲಿ ಎರಡು ಗಂಡು ಮಕ್ಕಳಾಗವೆ. ಈಗ ಹೋಗಿ ಯಾರ್ಗೆ ತೋರಿಸ್ಲಿ?" ಬಾಗಿಲ ಚೌಕಟ್ಟಿನಿಂದ ಕೈ ತೆಗೆದು ಕೇಳಿದಳು: "ಬಟ್ಟೆ ಏನ್ ಮಾಡಿದ್ರಿ?"

ಬಟ್ಟೆಯನ್ನು ನಾನು ಬಿಸಾಡಿರಲಿಲ್ಲ. ಒಗೆದು ಒಗೆದು ಮೆತ್ತಗಾಗಿದ್ದ ಹತ್ತಿ ಬಟ್ಟೆ. ಒಂಬತ್ತು ವರ್ಷ ಅದರಲ್ಲೇ ಕ್ಯಾಮೆರಾದ ಗಾಜು ಒರೆಸಿದ್ದೆ. ಮೊದಮೊದಲು ಮುಟ್ಟಿದಾಗ ಮುಳ್ಳು ಚುಚ್ಚಿದಂತಾಗುತ್ತಿತ್ತು. ಆಮೇಲೆ ಅದು ಬರೀ ಒರೆಸುವ ಬಟ್ಟೆಯಾಯಿತು. ಒಳಗೆ ಹೋಗಿ ಚೀಲದಿಂದ ತಂದುಕೊಟ್ಟೆ.

ಅವಳು ಅದನ್ನು ಅಂಗೈ ಮೇಲೆ ಬಿಡಿಸಿ, ಅಂಚಿನಲ್ಲಿ ಉಳಿದಿದ್ದ ಹಳದಿ ಎಳೆಯನ್ನು ಹೆಬ್ಬೆರಳಿನಿಂದ ಸವರಿದಳು. "ನಮ್ಮವ್ವ ಕೊಡ್ಸಿದ್ದ ಸೀರೆ," ಎಂದಳು. ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಪಟವನ್ನು ಮುಟ್ಟಲಿಲ್ಲ. ಸೊಪ್ಪಿನ ಕಟ್ಟು ಗಿರಿಜಾಳ ಮೊರಕ್ಕೆ ಹಾಕಿ ಬುಟ್ಟಿಗೆ ಕೈ ಹಚ್ಚಿದಳು. ಎತ್ತಿಕೊಡಲು ನಾನು ಬಗ್ಗಿದೆ.

"ನೀವು ಬ್ಯಾಡಿ ಸಾಮಿ. ಅಮ್ಮೋರು ಎತ್ತುತಾರೆ."

ಗಿರಿಜಾ ಎತ್ತಿಕೊಟ್ಟಳು. ಮುನಿಲಕ್ಷ್ಮಮ್ಮ ಬೀದಿಯ ತಿರುವು ದಾಟುವವರೆಗೂ ನಾವಿಬ್ಬರೂ ಬಾಗಿಲಲ್ಲೇ ನಿಂತಿದ್ದೆವು. ಪಟ ಇನ್ನೂ ನನ್ನ ಕೈಯಲ್ಲಿತ್ತು.

"ಏನ್ರೀ ಅದು, ಯಾವ ಬಟ್ಟೆ?" ಎಂದಳು ಗಿರಿಜಾ.

ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಆದರೆ ಹೊರಟದ್ದು ಆ ಹಳೆಯ ಮಾತೇ. "ನಾನು ಹೋದಾಗ ಬಟ್ಟೆ ಇತ್ತು ಗಿರಿಜಾ."

ಅವಳು ನನ್ನ ಮುಖವನ್ನೇ ನೋಡುತ್ತ, "ಆಮೇಲೆ?" ಎಂದಳು. ಆವತ್ತು ತೋಪಿನಲ್ಲಿ ಅಷ್ಟು ಜನರಿದ್ದರೂ ಯಾರೊಬ್ಬರೂ ನನ್ನನ್ನು ಅದೊಂದು ಮಾತು ಕೇಳಿರಲಿಲ್ಲ.