ಮೇಲಿನ ಹಲಗೆಯ ಪೆಟ್ಟಿಗೆ

ಅಂಗಡಿಗೆ ಒಂದು ಬೋರ್ಡು ಇತ್ತು. ಬಿಸಿಲಿಗೆ ಅದರ ಬಣ್ಣ ಹೋಗಿ, ಅಕ್ಷರಗಳು ಇದ್ದವೋ ಇಲ್ಲವೋ ಎನ್ನುವಂತಾಗಿ ಎಷ್ಟೋ ಕಾಲವಾಗಿತ್ತು. ಟೈರಿನ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವಿನ ಕಿರುಬಾಗಿಲು ಎಂದರೆ ಸಾಕು, ಊರಿನ ಕಾರ್ಖಾನೆಗಳ ಎಲೆಕ್ಟ್ರಿಷಿಯನ್ನರು ಕಣ್ಣು ಕಟ್ಟಿ ಬಿಟ್ಟರೂ ಬಂದು ನಿಲ್ಲುತ್ತಿದ್ದರು. ಒಳಗೆ ಕೂತವಳನ್ನು ಅವರೆಲ್ಲ ಕಾರ್ಡಕ್ಕ ಎಂದು ಕರೆಯುತ್ತಿದ್ದರು. ಅವಳಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು.

ಅವಳು ಮಾರುತ್ತಿದ್ದದ್ದು ಪಿಎಲ್‌ಸಿಗಳ ಬಿಡಿಭಾಗ; ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಅವು ಕಾರ್ಡು. ದೊಡ್ಡ ಯಂತ್ರದ ಪಕ್ಕದ ಕಬ್ಬಿಣದ ಕಪಾಟಿನಲ್ಲಿ ಕೂತು, ಯಾವ ಮೋಟಾರು ಯಾವಾಗ ತಿರುಗಬೇಕು, ಯಾವ ವಾಲ್ವು ಯಾವಾಗ ಮುಚ್ಚಬೇಕು ಎಂದು ಸದ್ದಿಲ್ಲದೆ ಹೇಳುತ್ತಿರುವ ಪೆಟ್ಟಿಗೆಯೇ ಈ ಪಿಎಲ್‌ಸಿ. ಯಂತ್ರದ ಮೈ ಎಷ್ಟೇ ದೊಡ್ಡದಿರಲಿ, ಇದು ಮಾತು ನಿಲ್ಲಿಸಿತೆಂದರೆ ಉಳಿಯುವುದು ಬರೀ ಕಬ್ಬಿಣ. ತಯಾರಿಸುವವರು ಹಳೆಯ ಮಾದರಿಗಳನ್ನು ಎಂದೋ ಕೈಬಿಟ್ಟಿದ್ದರು. ಊರಿನ ಯಂತ್ರಗಳು ಮಾತ್ರ ಬಿಟ್ಟಿರಲಿಲ್ಲ. ಹಾಗಾಗಿ ಕಾರ್ಡಕ್ಕನ ಅಂಗಡಿ ನಡೆಯುತ್ತಿತ್ತು.

ಬೆಳಿಗ್ಗೆ ಬಾಗಿಲು ತೆಗೆದವಳು ಮೊದಲು ಗೋಡೆಯ ಗೂಡಿನಲ್ಲಿ ಒಂದು ದೀಪ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುವಳು. ಆಮೇಲೆ ಹಲಗೆಯಿಂದ ಒಂದೆರಡು ಬಿಡಿಭಾಗಗಳನ್ನು ಇಳಿಸಿ, ಮೇಜಿನ ಮೇಲೆ ಅವಕ್ಕೆ ಕರೆಂಟು ಕೊಟ್ಟು, ಹಸಿರು ದೀಪ ಹೊತ್ತಿತೆಂದರೆ ಸ್ವಲ್ಪ ಹೊತ್ತು ಹಾಗೇ ಬಿಡುವಳು. ಸುಮ್ಮನೆ ಇಟ್ಟರೆ ಅವುಗಳ ಒಳಗಿನ ಕೆಪಾಸಿಟರುಗಳು ಕಟ್ಟಿಹಾಕಿದ ದನದ ಹಾಗೆ ಸೊರಗುತ್ತವೆ. ಆಗಾಗ ಎಬ್ಬಿಸಿ ಓಡಾಡಿಸಬೇಕು. ಪೂಜೆ ಯಾವುದು, ಕೆಲಸ ಯಾವುದು ಎಂದು ಯಾರಾದರೂ ಕೇಳಿದ್ದರೆ ಅವಳಿಗೂ ಬಿಡಿಸಿ ಹೇಳಲು ಬರುತ್ತಿರಲಿಲ್ಲ.

ಅಪ್ಪ ಹಾಕಿಕೊಟ್ಟ ಕಟ್ಟಳೆಗಳು ಎರಡು. ಜೀವ ಇರುವ ಬಿಡಿಭಾಗ ಒಯ್ಯುವವನು ಸತ್ತದ್ದನ್ನು ತಂದುಕೊಡಬೇಕು. ಸತ್ತವು ಮೂಲೆಯ ದೊಡ್ಡ ಡಬ್ಬಿಗೆ ಬೀಳುತ್ತಿದ್ದವು, ಅವುಗಳ ಒಳಗೆ ಇನ್ನೂ ಚೆನ್ನಾಗಿರುವುದನ್ನು ಕಿತ್ತು ಮತ್ತೊಂದನ್ನು ಬದುಕಿಸಬಹುದಿತ್ತು. ಎರಡನೆಯ ಕಟ್ಟಳೆ ಸ್ವಲ್ಪ ಬಿಗಿಯಾದದ್ದು. ಯಾವುದೇ ಮಾದರಿಯಲ್ಲಿ ಕೊನೆಯದೊಂದು ಉಳಿದರೆ ಅದು ಮೇಲಿನ ಹಲಗೆಗೆ ಹೋಗುತ್ತದೆ. ಅದು ನಿಂತ ಯಂತ್ರಕ್ಕೆ ಮಾತ್ರ. ಓಡುತ್ತಿರುವ ಯಂತ್ರದವರು ಮುಂದೆ ಬೇಕಾದೀತು ಎಂದು ಕೇಳಿದರೆ ಜಪ್ಪಯ್ಯ ಅಂದರೂ ಇಳಿಯುವುದಿಲ್ಲ.

ಆಗ ಮೇಲಿನ ಹಲಗೆಯ ಮೇಲಿದ್ದದ್ದು ಒಂದು ಪವರ್ ಸಪ್ಲೈ; ಪಿಎಲ್‌ಸಿಗೆ ಅನ್ನ ಹಾಕುವ ಭಾಗ. ಈ ಮಾದರಿ ಊರಿನಲ್ಲಿ ಉಳಿದಿದ್ದದ್ದು ಎರಡೇ ಕಡೆ. ಒಂದು ಸಾಬೂನಿನ ಕಾರ್ಖಾನೆ. ಇನ್ನೊಂದು, ಊರಿಗೆಲ್ಲ ಕುಡಿಯುವ ನೀರು ಎತ್ತುವ ಪಂಪ್‌ಹೌಸು. ಪಂಪ್‌ಹೌಸಿನ ಮುದುಕ ವಾರಕ್ಕೊಮ್ಮೆ ಸೈಕಲ್ಲು ನಿಲ್ಲಿಸಿ ಬಾಗಿಲಲ್ಲೇ ಕೇಳುತ್ತಿದ್ದ.

"ಇದೆಯಾ ತಾಯಿ?"

"ಇದೆ ಅಜ್ಜ."

"ಹಾಗಾದ್ರೆ ಇವತ್ತು ನಿದ್ದೆ ಬರುತ್ತೆ."

"ಡ್ಯೂಟಿಯಲ್ಲೂ ಬರುತ್ತೆ ಅಂತ ಕೇಳಿದೀನಿ."

"ಅದು ಧ್ಯಾನ," ಎಂದು ಮುದುಕ ಪೆಡಲು ತುಳಿಯುವನು.

ಸಾಬೂನಿನ ಕಾರ್ಖಾನೆಯಲ್ಲಿ ಯಂತ್ರಗಳ ಜವಾಬ್ದಾರಿ ಇದ್ದದ್ದು ಅವಳ ಸ್ವಂತ ಅಣ್ಣನ ಮೇಲೆ. ಅವಳ ಕೈಗೆ ಬೆಸುಗೆ ಕಡ್ಡಿ ಕೊಟ್ಟು ಕಲಿಸಿದವನು ಅವನೇ. ಅಪ್ಪ ತೀರಿಕೊಂಡ ಮೇಲೆ ಅವನು ಕಾರ್ಖಾನೆಗೆ ಹೋದ, ಇವಳು ಅಂಗಡಿಯಲ್ಲಿ ಉಳಿದಳು. ಅವನು ಬಂದರೆ ಅಂಗಡಿ ತುಂಬ ಸಾಬೂನಿನ ಘಮ ಹರಡುತ್ತಿತ್ತು; ಹೋದ ಮೇಲೂ ಒಂದಷ್ಟು ಹೊತ್ತು ಇರುತ್ತಿತ್ತು.

ಒಂದು ದಿನ ಅವನು ಒಬ್ಬನೇ ಬರಲಿಲ್ಲ. ಜೊತೆಗೆ ಹೊಸ ಮ್ಯಾನೇಜರು ಬಂದರು. ಒಳ್ಳೆಯ ಮಾತಿನ ಮನುಷ್ಯ. ಸ್ಟೂಲಿನ ಮೇಲಿನ ದೂಳನ್ನು ತಾವೇ ಒರೆಸಿಕೊಂಡು ಕೂತರು.

"ಆ ಪವರ್ ಸಪ್ಲೈ ನಮಗೆ ಬೇಕು ಅಮ್ಮ. ನೀವು ಹೇಳಿದ ಬೆಲೆ."

"ಯಂತ್ರ ನಿಂತಿದೆಯಾ ಸಾರ್?"

"ಇಲ್ಲ. ನಿಂತರೆ ಅಂತ."

"ನಿಂತಾಗ ಬನ್ನಿ. ಬಾಗಿಲು ತೆಗೆದೇ ಇರುತ್ತೆ."

"ಅಷ್ಟರಲ್ಲಿ ಬೇರೆಯವರು ಒಯ್ದಿದ್ರೆ?"

"ಒಯ್ದಿದ್ರೆ ಅವರದು ನಿಂತಿತ್ತು ಅಂತ ಅರ್ಥ."

ಮ್ಯಾನೇಜರು ಸಿಟ್ಟಾಗಲಿಲ್ಲ. "ನಮ್ಮಲ್ಲಿ ಎಷ್ಟು ಜನ ಕೆಲಸ ಮಾಡ್ತಾರೆ ಅಂತ ನಿಮ್ಮ ಅಣ್ಣನ್ನ ಕೇಳಿ. ಅವರ ಅನ್ನ ಕಾಪಾಡೋಕೆ ಒಂದು ಡಬ್ಬಿ ಮುಂಚೆನೇ ತೆಗೆದಿಟ್ಕೊಂಡ್ರೆ ಅದು ಪಾಪವಾ?"

ಕಾರ್ಡಕ್ಕ ಸ್ವಲ್ಪ ಯೋಚಿಸಿದಳು. ಮಾತು ಸುಳ್ಳಾಗಿರಲಿಲ್ಲ. "ಪಾಪ ಅಲ್ಲ ಸಾರ್. ಆದ್ರೆ ಅದು ನಿಮ್ಮ ಕಪಾಟಿಗೆ ಹೋಗಿ ಬೀಗ ಬಿತ್ತು ಅಂದ್ರೆ, ನಾಳೆ ಪಂಪ್‌ಹೌಸಿನದು ಸತ್ತರೆ ನೀವು ತೆಗೆದುಕೊಡ್ತೀರಾ?"

ಮ್ಯಾನೇಜರು ಅಣ್ಣನ ಕಡೆ ನೋಡಿದರು. ಅಣ್ಣ ಚಾವಣಿಯ ಕಡೆ ನೋಡಿದ.

"ಇಲ್ಲಿದ್ರೆ ಇಬ್ಬರಿಗೂ ಇದೆ," ಎಂದಳು ಅವಳು. "ಟೀ ಕುಡೀತೀರಾ?"

ಅವರು ಕುಡಿಯಲಿಲ್ಲ. ಹೊರಗೆ ಕಾರಿನ ಪಕ್ಕ ನಿಂತು ಅಣ್ಣನಿಗೆ ಹೇಳಿದ್ದು ಕಿರುಬಾಗಿಲಿನಿಂದ ನೆಟ್ಟಗೆ ಒಳಗೆ ಬಂತು. ಸ್ವಂತ ತಂಗಿಯ ಅಂಗಡಿಯಿಂದ ಒಂದು ಡಬ್ಬಿ ತರಲಾಗದವನ ಕೈಯಲ್ಲಿ ಕಾರ್ಖಾನೆಯ ಕೀಲಿ ಯಾಕಿರಬೇಕು? ವಾರದೊಳಗೆ ಅದು ಬರಲಿ, ಇಲ್ಲವೇ ಕೀಲಿ ಬರಲಿ.

ಮಾರನೆಯ ದಿನ ಅತ್ತಿಗೆಯ ಫೋನು ಬಂತು. "ನಿಮ್ಮಣ್ಣ ಊಟ ಬಿಟ್ಟಿದಾರೆ. ಅಷ್ಟು ಹಟ ಯಾಕಮ್ಮ? ನಿನಗಿಂತ ಆ ಡಬ್ಬಿಯೇ ವಾಸಿ, ಒಂದು ಗುಂಡಿ ಒತ್ತಿದ್ರೆ ಆಫ್ ಆದ್ರೂ ಆಗುತ್ತೆ." ಕಾರ್ಡಕ್ಕ ಎಲ್ಲ ಕೇಳಿಸಿಕೊಂಡಳು. ಫೋನಿಟ್ಟ ಮೇಲೆ ಏಣಿ ಹತ್ತಿ ಮೇಲಿನ ಹಲಗೆಯ ದೂಳು ಒರೆಸಿದಳು. ಇಳಿಸಿಬಿಡಲೇ ಎಂದು ಮನಸ್ಸು ಒಮ್ಮೆ ಹೊಯ್ದಾಡಿತು. ಅಣ್ಣನ ಸಣ್ಣ ಮಗಳ ಮುಖ ಕಣ್ಣ ಮುಂದೆ ಬಂತು. ಕೈ ಪೆಟ್ಟಿಗೆಯ ಮೇಲೇ ಇತ್ತು. ಆಮೇಲೆ ಬರಿಗೈಯಲ್ಲಿ ಇಳಿದಳು.

ವಾರ ತುಂಬುವ ಮುಂಚೆ ಒಂದು ಬೆಳಿಗ್ಗೆ ಅಣ್ಣ ಬಂದ. ಇನ್ನೂ ದೀಪದ ಬತ್ತಿ ಅರ್ಧವೂ ಉರಿದಿರಲಿಲ್ಲ. ಕಂಕುಳಲ್ಲಿ ಬಟ್ಟೆ ಸುತ್ತಿದ ಪೆಟ್ಟಿಗೆ. ಮೇಜಿನ ಮೇಲೆ ಬಿಚ್ಚಿಟ್ಟ.

"ನಿಂತಿದೆ ಪುಟ್ಟಿ. ಪ್ಯಾಕಿಂಗ್ ಲೈನು ಪೂರ್ತಿ ನಿಂತಿದೆ. ತಗೋ, ಸತ್ತದ್ದು ತಂದಿದೀನಿ. ಈಗ ಮೇಲಿನದು ಇಳಿಸು."

ಅವಳು ಪೆಟ್ಟಿಗೆ ಎಳೆದುಕೊಂಡಳು. ಸಾಬೂನಿನ ಘಮದ ಅಡಿಯಲ್ಲಿ ಸುಟ್ಟ ವಾಸನೆ, ಈಗಷ್ಟೇ ಸುಟ್ಟದ್ದು. ಮುಚ್ಚಳ ಬಿಚ್ಚಿದಳು. ವಯಸ್ಸಾಗಿ ಸಾಯುವ ಪವರ್ ಸಪ್ಲೈ ಮೆಲ್ಲಗೆ ಸಾಯುತ್ತದೆ; ಕೆಪಾಸಿಟರುಗಳ ತಲೆ ಉಬ್ಬುತ್ತದೆ, ಕಂದು ರಸ ಒಸರುತ್ತದೆ, ತಿಂಗಳುಗಟ್ಟಲೆ ಮುಂಚೆಯೇ ಯಂತ್ರ ತೊದಲುತ್ತದೆ. ಇದು ಹಾಗಲ್ಲ. ಹೆಚ್ಚಿನ ಕರೆಂಟು ಒಳನುಗ್ಗದಂತೆ ಬಾಗಿಲ ಕಾವಲಿಗಿರುವ ವ್ಯಾರಿಸ್ಟರು ಒಡೆದು ಚೂರಾಗಿತ್ತು, ಫ್ಯೂಸಿನ ಗಾಜು ಕಪ್ಪಾಗಿತ್ತು, ಮಸಿ ಇನ್ನೂ ಬೆರಳಿಗೆ ಮೆತ್ತುವಂತಿತ್ತು.

ಅವಳು ಪೆಟ್ಟಿಗೆಯ ಪಕ್ಕೆ ತಿರುಗಿಸಿದಳು. ಅಲ್ಲಿ ಒಂದು ಪುಟ್ಟ ಸ್ವಿಚ್ಚು ಇರುತ್ತದೆ: ಮನೆಯಲ್ಲಿ ಬರುವ ಇನ್ನೂರಮೂವತ್ತು ವೋಲ್ಟಿಗೆ ಒಂದು ಕಡೆ, ಹೊರದೇಶಗಳ ನೂರಹತ್ತಕ್ಕೆ ಇನ್ನೊಂದು ಕಡೆ. ಕಾರ್ಖಾನೆಗೆ ಬಂದ ದಿನದಿಂದ ಅದನ್ನು ಯಾರೂ ಮುಟ್ಟುವುದಿಲ್ಲ. ಈಗ ಅದು ನೂರಹತ್ತರ ಕಡೆಗಿತ್ತು. ಮೊದಲಿದ್ದ ಜಾಗದಲ್ಲಿ ದೂಳಿಲ್ಲದ ಚೌಕವೊಂದು ಬೆಳ್ಳಗೆ ಕಾಣುತ್ತಿತ್ತು.

ಹಾಗೆ ತಿರುಗಿಸಿ ಮಾಮೂಲಿ ಕರೆಂಟು ಕೊಟ್ಟರೆ ಒಳಗಿರುವುದೆಲ್ಲ ದುಪ್ಪಟ್ಟು ಕುಡಿದು ಒಡೆಯುತ್ತದೆ. ಸಾಯಿಸಿ ಆದಮೇಲೆ ಸ್ವಿಚ್ಚನ್ನು ಹಿಂದಕ್ಕೆ ತಳ್ಳುವುದನ್ನು ಅವನು ಮರೆತಿದ್ದ. ಆ ಬೆಳ್ಳನೆಯ ಚೌಕದ ಮೇಲೆ ಬೆರಳಿಟ್ಟು ಅವನ ಮುಖ ನೋಡಿದಳು.

ಅಣ್ಣನ ಮುಖ ಹುಳ್ಳಗಾಯಿತು. ಸ್ಟೂಲು ಎಳೆದು ಕೂತ.

"ಚೆನ್ನಾಗಿತ್ತು," ಎಂದಳು.

"ಹೂಂ."

"ಚೆನ್ನಾಗಿರೋದನ್ನ ಕೊಂದೆ."

"ಏನ್ ಮಾಡ್ಲಿ ಹೇಳು. ನೀನು ನಿಂತ ಯಂತ್ರಕ್ಕೇ ಕೊಡೋದು ಅಂದೆ. ನಿಲ್ಲಿಸಿದೆ. ಅಪ್ಪ ಹಾಕಿದ ಕಟ್ಟಳೆಯಲ್ಲಿ ಹೇಗೆ ನಿಂತಿತು ಅಂತ ಕೇಳ್ಬೇಕು ಅಂತ ಎಲ್ಲಿದೆ?"

ಕಾರ್ಡಕ್ಕ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದಳು. ಗೂಡಿನ ಕಡೆ ತಿರುಗಿ ಕಣ್ಣು ಮುಚ್ಚಿದಳು. ದೇವರು ಹೇಳಿದ್ದು ಏನೆಂದು ಯಾರಿಗೆ ಗೊತ್ತು. ಕಣ್ಣು ತೆರೆದಾಗ ಅವಳ ದನಿ ತಣ್ಣಗಿತ್ತು, ಮತ್ತು ಕಬ್ಬಿಣದಷ್ಟು ಗಟ್ಟಿಯಾಗಿತ್ತು.

"ಅಲ್ಲಿಲ್ಲ, ನಿಜ. ಅಪ್ಪನಿಗೆ ನೀನು ಹೀಗೆ ಮಾಡ್ತೀಯ ಅಂತ ಹೊಳೆದಿರಲಿಲ್ಲ. ಅಂಗಿ ತೋಳು ಮಡಚು."

"ಏನು?"

"ಕೊಂದವನು ನೀನು. ಎಬ್ಬಿಸೋನೂ ನೀನೇ. ಎದ್ದರೆ ನಿನ್ನದೇ ನಿನಗೆ. ಎಷ್ಟು ತಿಣುಕಿದ್ರೂ ಏಳಲಿಲ್ಲ ಅಂದ್ರೆ ಮೇಲಿನದು ಇಳಿಸಿ ಕೊಡ್ತೀನಿ. ಆದ್ರೆ ಮೊದಲು ತಿಣುಕಬೇಕು."

ಮೂಲೆಯ ಡಬ್ಬಿಯನ್ನು ದರದರ ಎಳೆದು ತಂದು ಅವನ ಮುಂದೆ ಬುಡಮೇಲು ಮಾಡಿದಳು. ಎಷ್ಟೋ ವರ್ಷಗಳ ಸತ್ತ ಬೋರ್ಡುಗಳು ನೆಲಕ್ಕೆ ಬಿದ್ದವು. ಅಣ್ಣ ಬೆಸುಗೆ ಕಡ್ಡಿ ಹಿಡಿದ. ಅವಳು ಮೇಜಿನ ದೀಪ ಹತ್ತಿರ ಸರಿಸಿ, ಬೋರ್ಡನ್ನು ಎರಡು ಕೈಯಲ್ಲಿ ಒತ್ತಿ ಹಿಡಿದಳು, ಹಿಂದೆ ಅವನು ಅವಳಿಗೆ ಹಿಡಿಯುತ್ತಿದ್ದ ಹಾಗೆ.

ಸುಟ್ಟದ್ದನ್ನು ಕಿತ್ತರು. ಸತ್ತವುಗಳ ಹೊಟ್ಟೆಯಿಂದ ವ್ಯಾರಿಸ್ಟರು ತೆಗೆದರು, ಕೆಪಾಸಿಟರು ತೆಗೆದರು, ಅಳೆದರು, ಕೂರಿಸಿದರು. ನಡುವೆ ಫೋನು ಬಡಿದುಕೊಂಡಿತು. ಮ್ಯಾನೇಜರು. ಅವಳು ಸ್ಪೀಕರಿಗೆ ಹಾಕಿ ಬೋರ್ಡು ಬಿಡದೆಯೇ ಮಾತಾಡಿದಳು.

"ಅಮ್ಮ, ನಮ್ಮ ಲೈನು ನಿಂತಿದೆ. ನಿಮ್ಮ ನಿಯಮ ನೀವೇ ಪಾಲಿಸ್ತಿಲ್ಲ."

"ಪಾಲಿಸ್ತಿದೀನಿ ಸಾರ್. ನಿಮ್ಮದು ನಿಮಗೆ ಬರುತ್ತೆ."

"ಮೇಲಿಟ್ಟಿರೋದು ಕಳಿಸಿ. ಇಲ್ಲಾಂದ್ರೆ ಇವತ್ತಿಂದ ನಿಮ್ಮ ಅಂಗಡಿ ಬಿಲ್ಲು ನಮ್ಮ ಕಾರ್ಖಾನೆ ಮೆಟ್ಟಿಲು ಹತ್ತಲ್ಲ. ನಮ್ಮ ಬೇರೆ ಕಾರ್ಖಾನೆಗಳಿಗೂ ಹೇಳ್ತೀನಿ."

"ಹೇಳಿ ಸಾರ್. ಮೆಟ್ಟಿಲು ಹತ್ತೋಕೆ ನನಗೂ ಮಂಡಿನೋವು. ನಿಮ್ಮ ಯಂತ್ರ ಯಾವತ್ತು ತಾನಾಗಿ ನಿಲ್ಲುತ್ತೋ ಅವತ್ತು ನೀವು ಬೈಕೊಂಡೇ ಬನ್ನಿ, ಆಗಲೂ ಕೊಡ್ತೀನಿ. ಇವತ್ತು ಕೊಡಲ್ಲ."

"ನಿಮ್ಮ ಅಣ್ಣನ ಕೆಲಸ ಹೋಗುತ್ತೆ."

ಅವಳ ಕೈ ಬೋರ್ಡಿನ ಮೇಲೆ ಬಿಗಿಯಾಯಿತು. ಅಷ್ಟರಲ್ಲಿ ಅಣ್ಣ ಕಡ್ಡಿಯನ್ನು ಕೆಳಗಿಟ್ಟು ಫೋನಿನ ಕಡೆ ಬಗ್ಗಿದ.

"ಸರ್, ಅದು ತಾನಾಗಿ ಕೆಟ್ಟಿದ್ದಲ್ಲ. ನಾನೇ ಸುಟ್ಟಿದ್ದು. ನಾನೇ ಸರಿ ಮಾಡ್ತಿದೀನಿ, ನಾನೇ ತಂದು ಕೂರಿಸ್ತೀನಿ. ಕೀಲಿಗೊಂಚಲು ನನ್ನ ಮೇಜಿನ ಮೇಲೇ ಇದೆ. ಬೇಕಾದವರ ಕೈಗೆ ಕೊಡಿ. ಈಗ ಫೋನ್ ಇಡ್ತೀನಿ, ಬೆಸುಗೆ ಆರುತ್ತೆ."

ಇಟ್ಟೇಬಿಟ್ಟ. ಅಣ್ಣತಂಗಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಪಕ್ಕೆಯ ಸ್ವಿಚ್ಚನ್ನು ಅವನೇ ಹಿಂದಕ್ಕೆ ತಳ್ಳಿದ. ಆದರೂ ಮೊದಲ ಸಲ ಕರೆಂಟು ಕೊಟ್ಟಾಗ ಫಟ್ ಎಂದು ಫ್ಯೂಸು ಹೋಯಿತು. ಅಣ್ಣನ ಕಣ್ಣು ತಾನಾಗಿ ಮೇಲಿನ ಹಲಗೆಗೆ ಹೋಯಿತು. ಅವಳದೂ ಹೋಯಿತು. "ಇನ್ನೊಂದ್ಸಲ," ಎಂದಳು. ಅವನು ಭೂತಗನ್ನಡಿ ಹಿಡಿದು ಹುಡುಕಿ, ಸ್ವಿಚ್ಚಿಂಗ್ ಟ್ರಾನ್ಸಿಸ್ಟರು ಒಂದು ಸುಟ್ಟೂ ಸುಡದ ಹಾಗೆ ಮುಖ ಮಾಡಿಕೊಂಡು ಕೂತಿದ್ದದ್ದನ್ನು ಕಂಡುಹಿಡಿದ. "ಕಳ್ಳ," ಎಂದ. "ನಿನ್ನ ಹಾಗೇ," ಎಂದಳು ತಂಗಿ. ಅವನಿಗೆ ಆ ಹೊತ್ತಿನಲ್ಲೂ ನಗು ಬಂತು. ರಾಶಿಯಲ್ಲಿ ಅದೇ ನಂಬರಿನದು ಸಿಗುವಷ್ಟರಲ್ಲಿ ಇಬ್ಬರ ಅಂಗೈಯೂ ಮಸಿಯಾಗಿತ್ತು.

ಸ್ವಿಚ್ಚನ್ನು ಅವನೇ ಹಿಂದಕ್ಕೆ ತಳ್ಳಿದ. ಎರಡು ಸಲ ನೋಡಿದ. ಕರೆಂಟು ಕೊಟ್ಟ.

ಪೆಟ್ಟಿಗೆ ಸಣ್ಣಗೆ ಗುಂಯ್ ಎಂದಿತು. ಹಸಿರು ದೀಪ ಹೊತ್ತಿತು. ಒಮ್ಮೆ ಮಿಣುಕಿ, ಆಮೇಲೆ ನೆಟ್ಟಗೆ ನಿಂತಿತು. ಕಾರ್ಡಕ್ಕ ಕೈಮುಗಿದದ್ದು ಗೂಡಿನ ದೀಪಕ್ಕೋ ಇದಕ್ಕೋ ತಿಳಿಯದು; ಮಸಿ ಕೈ ಎರಡರ ನಡುವೆ ಇತ್ತು. ಒಂದು ಬಲ್ಬು ಸಿಕ್ಕಿಸಿ, ಅದರ ಭಾರ ತಾಳುತ್ತದೆಯೇ ಎಂದು ಪರೀಕ್ಷಿಸುತ್ತ ಇಬ್ಬರೂ ಕಾದರು. ಅದು ಆರಲಿಲ್ಲ.

ಅಣ್ಣ ಮುಚ್ಚಳದ ಸ್ಕ್ರೂ ತಿರುಗಿಸುತ್ತಿರುವಾಗ ಬಾಗಿಲಲ್ಲಿ ಸೈಕಲ್ಲಿನ ಸದ್ದಾಯಿತು. ಪಂಪ್‌ಹೌಸಿನ ಮುದುಕ ನೆಲದ ತುಂಬ ಹರಡಿದ್ದ ಬೋರ್ಡುಗಳನ್ನು ಕಂಡು ಒಳಗೆ ಕಾಲಿಡಲಾರದೆ ನಿಂತ. ಹೊಸ್ತಿಲಿನಿಂದಲೇ ಕತ್ತು ಚಾಚಿ ಕೇಳಿದ.

"ಇದೆಯಾ ತಾಯಿ?"

ಅವಳು ಬಾಯಿ ತೆರೆಯುವ ಮೊದಲೇ ಅಣ್ಣ ಹೇಳಿದ. "ಇದೆ ಅಜ್ಜ. ಮೇಲೇ ಇದೆ."

ಮುದುಕ ಮೂಗು ಅರಳಿಸಿದ. "ಏನೋ ಸುಟ್ಟ ವಾಸನೆ."

"ಸುಟ್ಟಿತ್ತು," ಎಂದ ಅಣ್ಣ. ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಿಗೆ ಏರಿಸಿಕೊಂಡು, ಚಪ್ಪಲಿ ಮೆಟ್ಟಿ, ಕಾರ್ಖಾನೆಯ ದಾರಿ ಹಿಡಿದ. ಕೀಲಿ ಅಲ್ಲಿದೆಯೋ ಇಲ್ಲವೋ ಎಂದು ಅವನು ಯೋಚಿಸುತ್ತಿರುವಂತೆ ಕಾಣಲಿಲ್ಲ, ಬೆನ್ನು ನೆಟ್ಟಗಿತ್ತು. ಕಾರ್ಡಕ್ಕ ತಿರುವಿನ ತನಕ ನೋಡಿ, ಒಳಗೆ ಬಂದು, ಸತ್ತವುಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬತೊಡಗಿದಳು.