ನೀರಿಗಿಟ್ಟ ಸುತ್ತಿಗೆ

ಮೂರನೆಯ ಗೂಟಕ್ಕೆ ಎರಡನೇ ಏಟು ಬೀಳುತ್ತಲೇ ಸುತ್ತಿಗೆಯ ತಲೆ ಮರದ ಕಾವಿನ ತುದಿಯಲ್ಲಿ ಲಟಕ್ಕೆಂದು ಅಲುಗಿತು. ಕಾರ್ತಿಕದ ಬೆಳಗು. ರಾತ್ರಿಯಿಂದ ಹಿಡಿದ ಜಿಟಿಜಿಟಿ ಮಳೆ ಇನ್ನೂ ಬಿಟ್ಟಿರಲಿಲ್ಲ. ಹನ್ನೊಂದಕ್ಕೆ ಮುರಿಗೆಪ್ಪನ ದೇಹ ಮನೆಗೆ ಬರುವುದಿತ್ತು. ವಿಲಾಯತಿಯ ಫೆಲ್ಥಮ್ಮಿನ ಆ ಸಾಲುಮನೆಯ ಹಾಲಿನಲ್ಲಿ ಹತ್ತು ಜನ ಕೂತರೆ ಹನ್ನೊಂದನೆಯವನಿಗೆ ಜಾಗವಿಲ್ಲ. ಅದಕ್ಕೇ ಹಿತ್ತಲಲ್ಲಿ ತಾಡಪತ್ರಿ ಕಟ್ಟುವ ಕೆಲಸ ನಡೆದಿತ್ತು.

"ತಲಿ ಸಡಿಲ ಆಗೇತಿ ನೋಡ್ರಿ," ಎಂದ ವಿಶ್ವನಾಥ. ಬೆಳಗಾವಿ ಕಡೆಯವನು, ಏರ್‌ಪೋರ್ಟಿನಲ್ಲಿ ಮುರಿಗೆಪ್ಪನ ಜೊತೆ ಟ್ರಾಲಿ ದಬ್ಬಿದವನು. ಸುತ್ತಿಗೆ ಅವನದೇ. "ಹೆದರಬ್ಯಾಡ ಸಿದ್ದಣ್ಣಾ, ಇದೇನ ಮುರಿಗೆಣ್ಣ ಹಾಕಿದ ಕಾವಲ್ಲ!"

ನಾಲ್ಕು ಜನ ನಕ್ಕರು. ಹಳೆಯ ಚೇಷ್ಟೆ ಅದು; ಮುರಿಗೆಪ್ಪನ ಎದುರಿಗೇ ಎಷ್ಟೋ ಸಲ ಆಡಿದ್ದು. ಗೂಟ ಹಿಡಿದು ಕೂತಿದ್ದ ಸಿದ್ದಲಿಂಗಪ್ಪ ನಗಲಿಲ್ಲ.

"ಒಂದ ತಾಸು ಬಕೀಟನ್ಯಾಗ ಮುಳಗಸಿ ಇಟ್ರ ಬಿಗಿ ಆಕ್ಕೇತಿ. ಊರಾಗ ಕೊಡ್ಲಿಗೆ ಹಂಗ ಮಾಡತೀವಲ್ಲ," ಎಂದು ವಿಶ್ವನಾಥ ನಲ್ಲಿಯ ಕೆಳಗಿದ್ದ ಬಕೆಟ್ಟಿಗೆ ಕೈ ಹಾಕಿದ.

"ಬ್ಯಾಡ!"

ಆ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳತೊಡಗಿತು. ಸಿದ್ದಲಿಂಗಪ್ಪ ಬಂದು ಸುತ್ತಿಗೆಯನ್ನು ಕಸಿದುಕೊಂಡಿದ್ದ.

"ಯಾಕೋ ಮಾರಾಯಾ? ನೀರಿಗಿಟ್ರ ಏನ ಆಕ್ಕೇತಿ?"

ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಹಿತ್ತಲಲ್ಲಿ ಯಾರೂ ಇರಲಿಲ್ಲ.

* * *

ಹದಿನಾಲ್ಕು ವರ್ಷದ ಹಿಂದೆ, ತೊಂಬತ್ಮೂರರಲ್ಲಿ, ಮುರಿಗೆಪ್ಪನಿಗೆ ಬೇರೆಯೇ ಕೆಲಸವಿತ್ತು. ಹತಾರ ಬಾಡಿಗೆಗೆ ಕೊಡುವ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು ಸುತ್ತಿಗೆ, ಕೊಡಲಿಗಳಿಗೆ ಕಾವು ಹಾಕುತ್ತಿದ್ದ. ಅಮೆರಿಕದಿಂದ ಬರುವ ಹಿಕರಿ ಕಟ್ಟಿಗೆ. ಒಂದೊಂದು ಕೋಲನ್ನೂ ನೆಲಕ್ಕೆ ಕುಟ್ಟಿ ದನಿ ಕೇಳುವನು; ತುದಿಯನ್ನು ಬೆಳಕಿಗೆ ಹಿಡಿದು ಎಳೆ ಯಾವ ಕಡೆ ಓಡಿದೆ ನೋಡುವನು. ಓರೆ ಎಳೆಯದನ್ನು ಪಕ್ಕಕ್ಕೆ ಒಗೆಯುವನು. ತಾನು ಹಾಕಿದ ಕಾವಿಗೆಲ್ಲ ಬುಡದಲ್ಲಿ ಕಾಯಿಸಿದ ಮೊಳೆಯಿಂದ ಮೂರು ಗೆರೆ ಎಳೆಯುವನು, ವಿಭೂತಿಯ ಹಾಗೆ.

ಸಿದ್ದಲಿಂಗಪ್ಪ ಆಗಷ್ಟೇ ರಸ್ತೆ ಕೆಲಸದ ಗ್ಯಾಂಗಿಗೆ ಸೇರಿದ್ದ. ದೊಡ್ಡ ಸುತ್ತಿಗೆಯೊಂದನ್ನು ಅವನ ಕೈಗಿಟ್ಟು ಮುರಿಗೆಪ್ಪ ಹೇಳಿದ್ದ: "ಎಷ್ಟ ಹೊಡದ್ರೂ ಏಟು ತಾನ ನುಂಗತೈತಿ, ನಿನ್ನ ಮೊಳಕೈಗೆ ಬಿಡೂದಿಲ್ಲ. ಆದ್ರ ಒಂದ ಮಾತು. ಇದು ಊರಾಗಿನ ಜಾಲಿ ಕಾವಲ್ಲ. ನೀರು ಕುಡದ್ರ ಡುಬ್ಬಣ್ಣ ಆಕ್ಕೈತಿ, ಒಣಗಿದ್ರ ಮೊದಲಿಗಿಂತ ಸೊರಗತೈತಿ. ಸಡಿಲ ಅನಿಸಿದ್ರ ನನ್ನ ಕಡೆ ತಗೊಂಡ ಬಾ. ಅಗಸಿ ಎಣ್ಣಿ ಉಣಸಿ ಬೆಣಿ ಹೊಡದ ಕೊಡತೀನಿ."

ಜನವರಿಯಲ್ಲಿ ಅದು ಕೊಂಚ ಸಡಿಲವಾಯಿತು. ಅಂಗಡಿಗೆ ಎರಡು ಬಸ್ಸು ಬದಲಿಸಿ ಹೋಗಬೇಕು. ಸಿದ್ದಲಿಂಗಪ್ಪ ಬೇಸರಪಟ್ಟು ರಾತ್ರಿಯೆಲ್ಲ ಬಕೆಟ್ಟಿನಲ್ಲಿಟ್ಟ. ಬೆಳಿಗ್ಗೆ ಕಲ್ಲಿನ ಹಾಗೆ ಬಿಗಿಯಾಗಿತ್ತು. ಅವನಪ್ಪ ಮಾಡಿದ್ದೂ ಹೀಗೇ, ಅಜ್ಜ ಮಾಡಿದ್ದೂ ಹೀಗೇ. ಆಮೇಲೆ ಎರಡು ದಿನ ಅದು ಗ್ಯಾಂಗಿನ ಶೆಡ್ಡಿನಲ್ಲಿ ಹೀಟರಿನ ಪಕ್ಕ ಒರಗಿಕೊಂಡಿತ್ತು. ಮೂರನೇ ದಿನ ಅವನು ಎತ್ತಿ ಬೀಸಿದಾಗ ಕೈಯಲ್ಲಿ ಕಾವೊಂದೇ ಉಳಿಯಿತು. ತಲೆ ಹಾರಿ ಎದುರಿದ್ದ ಐರಿಶ್ ಹುಡುಗನ ಕಾಲೆಲುಬು ಮುರಿಯಿತು.

ಬುಡದಲ್ಲಿ ಮೂರು ಗೆರೆ ಇದ್ದವು. ಯಾರು ಹಾಕಿದ್ದೆಂದು ಹುಡುಕಬೇಕಾಗಲಿಲ್ಲ. ಮೇಸ್ತ್ರಿ ಕೇಳಿದ: ಇದಕ್ಕೆ ನೀನೇನಾದರೂ ಮಾಡಿದ್ದೆಯಾ? ಸಿದ್ದಲಿಂಗಪ್ಪ ಇಲ್ಲವೆಂದು ತಲೆ ಅಲ್ಲಾಡಿಸಿದ.

ಅದಾದರೂ ಹೊಟ್ಟೆಪಾಡಿನ ಸುಳ್ಳು ಅನ್ನಬಹುದು. ಆದರೆ ಅಂದು ಸಂಜೆ ಮುರಿಗೆಪ್ಪ ಅವನ ಖೋಲಿಗೆ ಬಂದ. ಕೂಡ್ರಲಿಲ್ಲ.

"ನೀರಿಗಿ ಇಟ್ಟಿದ್ದೇನೋ ಸಿದ್ದಪ್ಪಾ?"

"ಇಲ್ಲಣ್ಣಾ."

"ಖರೇ?"

"ಲಿಂಗದಾಣೆ."

ಮುರಿಗೆಪ್ಪ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ. "ಹಂಗಾರ ನನ್ನ ಕೈ ಕೆಟ್ಟೈತಿ," ಅಂದ. ಅಂಗಡಿಯವರು ಬಿಡಿಸುವ ಮೊದಲೇ ತಾನೇ ಕೆಲಸ ಬಿಟ್ಟ.

* * *

"ಏನ ಆತೋ ತಮ್ಮಾ? ಯಾಕ ಒದರಿದಿ?" ಮುರಿಗೆಪ್ಪನ ಹೆಂಡತಿ ನಾಗವ್ವ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಳು. ಬೆನ್ನಿಗೆ ಮಗ ಅಮರ.

ಸಿದ್ದಲಿಂಗಪ್ಪ ಸುತ್ತಿಗೆ ಹಿಡಿದುಕೊಂಡೇ ಹೇಳಿದ. ಬಕೆಟ್ಟು, ಹೀಟರು, ಆಣೆ, ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿಸಿದರೆ ಎದೆ ಹಗುರಾದೀತೆಂದು ವರ್ಷಗಟ್ಟಲೆ ಅಂದುಕೊಂಡಿದ್ದ. ವಿಶ್ವನಾಥ ನೆಲ ನೋಡುತ್ತಿದ್ದ.

"ವಾಟ್ಸ್ ಹಿ ಸೇಯಿಂಗ್, ಮಮ್? ಡ್ಯಾಡ್ ತಪ್ಪು ಮಾಡಿದ್ದಿಲ್ಲೇನು?" ಎಂದ ಅಮರ.

ನಾಗವ್ವ ಸಿದ್ದಲಿಂಗಪ್ಪನ ಕಡೆ ತಿರುಗಿದಳು. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅವರು ಗ್ವಾಡಿಗೆ ಒಂದ ಮೊಳಿ ಹೊಡೀತೀನಿ ಅಂದ್ರ ನಾ ಬಿಡತಿದ್ದಿಲ್ಲ," ಎಂದಳು. "ನಿನ್ನ ಕೈ ಬ್ಯಾಡ ಅಂತಿದ್ನಿ. ಈ ಹುಡುಗನ ಖಾಟ ಮುರದಾಗ ದುಡ್ಡ ಕೊಟ್ಟು ಹೊರಗಿನವರನ್ನ ಕರಸಿದ್ನಿ. ಇವರಪ್ಪ ಟಾರ್ಚ ಹಿಡಕೊಂಡ ನಿಂತಿದ್ರು. ಕೆಲಸದಾಂವಗ ಬೆಳಕ ತೋರಸಕೋತ."

"ಅಕ್ಕಾ..."

"ನಿನಗರ ಹೇಳಾಕ ನಾ ಒಬ್ಬಾಕಿ ಸಿಕ್ನಿ. ನಾ ಯಾರಿಗೆ ಹೇಳ್ಲಿ?"

ಮುಂಬಾಗಿಲಲ್ಲಿ ದೇಹ ಹೊತ್ತ ಕರಿಯ ಕಾರು ನಿಂತ ಸಪ್ಪಳವಾಯಿತು. ಎಲ್ಲರೂ ಒಳಗೆ ಹೋದರು.

ಮಧ್ಯಾಹ್ನ ಸ್ಮಶಾನದಲ್ಲಿ ಮಳೆ ನಿಂತಿತ್ತು. ಕೌನ್ಸಿಲಿನವರು ಚೌಕಾಗಿ ತೋಡಿದ ಕುಣಿಯೊಳಗೆ ಪೆಟ್ಟಿಗೆ ಇಳಿಯಿತು. ವಿಭೂತಿ, ಬಿಲ್ವಪತ್ರೆ ಬಿದ್ದವು. ಒಬ್ಬೊಬ್ಬರೇ ಬಂದು ಹಿಡಿಮಣ್ಣು ಹಾಕಿದರು: ಅಮರ, ವಿಶ್ವನಾಥ, ಏರ್‌ಪೋರ್ಟಿನ ಜನ. ಸಿದ್ದಲಿಂಗಪ್ಪನೂ ಬಾಗಿ, ಅಂಟುಮಣ್ಣಿನ ಹೆಂಟೆಯೊಂದನ್ನು ಎತ್ತಿಕೊಂಡು ಮುಂದೆ ಬಂದ.

"ನೀ ತಡಿ ತಮ್ಮಾ," ಎಂದಳು ನಾಗವ್ವ. ದನಿಯಲ್ಲಿ ಸಿಟ್ಟಿರಲಿಲ್ಲ.

ಅವನು ಪಕ್ಕಕ್ಕೆ ಸರಿದು ನಿಂತ. ಸಾಲು ಮುಗಿಯಿತು. ಯಂತ್ರ ಬಂದು ಉಳಿದ ಮಣ್ಣನ್ನೆಲ್ಲ ದೂಡಿ ಮಟ್ಟಮಾಡಿತು. ಇನ್ನು ಹಾಕು ಎಂದು ಯಾರೂ ಅನ್ನಲಿಲ್ಲ. ನಾಗವ್ವ ಮಗನ ತೋಳು ಹಿಡಿದು ತಿರುಗಿ ನೋಡದೆ ಕಾರಿನ ಕಡೆ ನಡೆದಳು.

ಬಸ್ಸು ಬಂದಾಗ ಸಿದ್ದಲಿಂಗಪ್ಪನ ಬಸ್ ಕಾರ್ಡು ಬಲಗಡೆಯ ಕಿಸೆಯಲ್ಲಿತ್ತು. ಎಡಗೈಯನ್ನು ಹೊಟ್ಟೆಯ ಮೇಲಿಂದ ಅಡ್ಡ ತಂದು ಅದನ್ನು ಎಳೆಯಲು ಒದ್ದಾಡಿದ. ಡ್ರೈವರು ಕಾದ. ಹಿಂದಿದ್ದ ಹೆಂಗಸು ಮಡಚಿದ ಕೊಡೆ ಹಿಡಿದು ಕಾದಳು. ಬಲಗೈ ಮುಷ್ಟಿಯಾಗಿಯೇ ಇತ್ತು. ಬೆರಳ ಸಂದಿಯಿಂದ ಹಳದಿ ಮಣ್ಣು ಹೊರಗೆ ಬಂದು ಒಣಗತೊಡಗಿತ್ತು.